ಐವತ್ತನೆಯ ಮತ

ಮಂಗಳವಾರ ಮಧ್ಯಾಹ್ನ ಲೂಷಿಯಸ್ ಟ್ಯಾರಂಟ್ ಒಂದು ಕಾಗದದ ಚೀಲ ಹಿಡಿದುಕೊಂಡು ಕಚೇರಿಯೊಳಗೆ ಕಾಲಿಟ್ಟಾಗ ಹಾಲ್ವರ್ ಬ್ರೆಕ್ಕೆ ಅವನನ್ನು ಅವನದೇ ದನಿಯಲ್ಲಿ ಬರಮಾಡಿಕೊಂಡ.

"ಬಾ…ರಪ್ಪಾ, ಬಾ… ಜಾರ್ಜಿಯಾದ ಬಿಸಿಲನ್ನೆಲ್ಲ ಗಂಟು ಕಟ್ಕೊಂಡು ಬಂದ್ಯೇನೋ…"

"ನನಗಿಂತ ಚೆನ್ನಾಗಿ ನೀನೇ ನಾನಾಗ್ತೀಯಲ್ಲೋ," ಎಂದ ಟ್ಯಾರಂಟ್, ಕುರ್ಚಿಗೆ ಮೈ ಇಳಿಬಿಡುತ್ತ. "ಮುಂದಿನ ಚುನಾವಣೆಗೆ ನನ್ನ ಬದ್ಲು ನೀನೇ ನಿಂತ್ಕೊ. ನಮ್ಮ ಜನಕ್ಕೆ ವ್ಯತ್ಯಾಸಾನೇ ಗೊತ್ತಾಗಲ್ಲ."

"ಗೊತ್ತಾಗುತ್ತೆ. ನಾನು ಒಂದೊಂದು ಸಲ ಮಾತು ಮುಗಿಸ್ತೀನಿ."

ಇಬ್ಬರದೂ ಬೇರೆ ಬೇರೆ ಪಕ್ಷ. ಇಪ್ಪತ್ತಮೂರು ವರ್ಷದಿಂದ ಸೆನೆಟ್ಟಿನೊಳಗೆ ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆನ್ನುತ್ತ, ಹೊರಗೆ ಒಂದೇ ಮೇಜಿನಲ್ಲಿ ಬೀನ್ಸ್ ಸೂಪು ಕುಡಿಯುತ್ತ ಬಂದವರು. ಬ್ರೆಕ್ಕೆಗೆ ಎಪ್ಪತ್ತೊಂದು. ಉತ್ತರ ಡಕೋಟಾದ ಗೋಧಿ ಹೊಲಗಳ ನಡುವೆ ಹುಟ್ಟಿದವನು. ಅವನ ಊರ ಕಡೆ ಜನ ತಲೆಗಿಷ್ಟು ಎಂದು ಮಾತನ್ನು ರೇಷನ್ನಿನಲ್ಲಿ ಪಡೆದವರಂತೆ ಬದುಕುತ್ತಾರೆ. ತನ್ನ ಪಾಲಿನದು ಸಾಲದೆ ಹೋಗಿಯೋ ಏನೋ, ಬ್ರೆಕ್ಕೆ ಚಿಕ್ಕಂದಿನಿಂದಲೂ ಮಂದಿಯ ದನಿಗಳನ್ನು ತನ್ನ ಗಂಟಲಲ್ಲಿ ಸಾಕಿಕೊಂಡಿದ್ದ: ಪಾದ್ರಿಯದು, ಹರಾಜಿನವನದು, ಈಚೆಗೆ ಮೂವರು ಅಧ್ಯಕ್ಷರದು. ಅವುಗಳಲ್ಲಿ ಎಪ್ಪತ್ತೆಂಟರ ಟ್ಯಾರಂಟನ ದನಿ ಅವನಿಗೆ ಅತ್ಯಂತ ಪ್ರಿಯವಾದದ್ದು.

ಚೀಲದಲ್ಲಿ ಟ್ಯಾರಂಟನ ತೋಟದ ಪಿಕಾನ್ ಕಾಯಿಗಳಿದ್ದವು. ಬ್ರೆಕ್ಕೆ ಒಂದನ್ನು ಒಡೆದ.

"ಗುರುವಾರ ನನ್ನ ಪಿತ್ತಕೋಶ ತೆಗೀತಾರೆ," ಎಂದ ಟ್ಯಾರಂಟ್.

"ತೆಗೆದು?"

"ಕಲ್ಲು ನನಗೇ ಕೊಡ್ತಾರಂತೆ. ನಿನಗೆ ಕಳಿಸ್ತೀನಿ, ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಕೊ."

"ಗುರುವಾರ ಯುದ್ಧದ ಬಿಲ್ಲು ಇದೆಯಲ್ಲೋ."

"ಅದಕ್ಕೇ ಬಂದೆ ನಾನು." ಟ್ಯಾರಂಟ್ ಮುಂದಕ್ಕೆ ಬಾಗಿದ. "ಹಾಲ್ವರ್, ನನಗೆ ಜೋಡಿ ಆಗ್ತೀಯಾ?"

ಜೋಡಿ ಎಂದರೆ ಸೆನೆಟ್ಟಿನ ಹಳೆಯ ಮರ್ಯಾದೆ. ಒಬ್ಬ ಸದಸ್ಯ ಕಾಯಿಲೆ ಬಿದ್ದು ಬರಲಾರದೆ ಹೋದರೆ ಎದುರು ಪಕ್ಷದವನೊಬ್ಬ ಅವನಿಗೋಸ್ಕರ ತನ್ನ ಮತ ಹಾಕದೆ ಬಿಡುತ್ತಾನೆ. ಇವನ ಹೌದು ಅವನ ಅಲ್ಲಕ್ಕೆ ವಜಾ. ಯಾವ ನಿಯಮದ ಪುಸ್ತಕವೂ ಇದನ್ನು ಕೇಳುವುದಿಲ್ಲ. ಬಾಯಿಮಾತು, ಕೈಕುಲುಕು, ಅಷ್ಟೇ. ಮುರಿದರೆ ಶಿಕ್ಷೆಯಿಲ್ಲ. ಹಾಗೆ ಮುರಿದವನೂ ಇರಲಿಲ್ಲ. ಈಚಿನ ಹೊಸಬರು ಇದನ್ನು ಕೇಳಿದರೆ ಅಜ್ಜಿಯ ಟೋಪಿ ಕಂಡವರಂತೆ ನಗುತ್ತಿದ್ದರು. ಹತ್ತು ವರ್ಷದಲ್ಲಿ ಜೋಡಿಯಾಗಿದ್ದು ಒಂದೋ ಎರಡೋ ಸಲ, ಅದೂ ಇಂಥ ಮುದುಕರ ನಡುವೆ.

"ಯಾವುದಕ್ಕೆ?" ಎಂದ ಬ್ರೆಕ್ಕೆ.

"ಆ ಬಿಲ್ಲು, ಅದಕ್ಕೆ ಅಂಟ್ಕೊಂಡಿರೋ ತಿದ್ದುಪಡಿ, ಎಲ್ಲ."

ಬಿಲ್ಲು ಯುದ್ಧಕ್ಕೆ ಇನ್ನೊಂದು ವರ್ಷದ ಹಣ ಕೊಡುವುದು. ಅದು ಹೇಗೂ ಪಾಸಾಗುತ್ತಿತ್ತು. ಯೋಧರಿಗೆ ಹಣ ಬೇಡವೆಂದು ಮತ ಹಾಕಿ ಊರಿಗೆ ಮರಳುವ ಧೈರ್ಯ ಮೂವತ್ತು ಜನಕ್ಕೂ ಇರಲಿಲ್ಲ. ಜಗಳವಿದ್ದದ್ದು ತಿದ್ದುಪಡಿಯ ಮೇಲೆ. ಹೊರದೇಶದಲ್ಲಿ ಎಷ್ಟು ದಿನ ಕಾದಿ ಬಂದರೋ ಅಷ್ಟು ದಿನ ಮನೆಯಲ್ಲಿರುವ ತನಕ ನ್ಯಾಷನಲ್ ಗಾರ್ಡಿನ, ಎಂದರೆ ಊರಲ್ಲಿ ಬೇರೆ ಕೆಲಸದಲ್ಲಿದ್ದು ಕರೆ ಬಂದಾಗ ಹೊರಡುವ ಯೋಧರ, ಯಾವ ದಳವನ್ನೂ ಮತ್ತೆ ಕಳಿಸಕೂಡದು ಎಂದಿತ್ತು ಅದು. ಒಂದು ಪಕ್ಷ ಹಣ ಕೊಡುವುದೇ ಯೋಧರ ಬೆಂಬಲವೆಂದಿತು. ಇನ್ನೊಂದು ಪಕ್ಷ ಮನೆಗೆ ಬಿಡುವುದೇ ಬೆಂಬಲವೆಂದಿತು. ಎರಡೂ ಕಡೆಯವರ ಕೋಟಿನ ಮೇಲೆ ಯೋಧರ ಪರವೆಂದು ಸಾರುವ ಒಂದೇ ಹಳದಿ ರಿಬ್ಬನ್ನಿತ್ತು. ಸೆನೆಟ್ಟಿಗೆ ಸೇನೆಯ ಮಾತು ಬಂದಾಗ ಯಾವಾಗಲೂ ಹೀಗೆಯೇ, ಸದಸ್ಯರು ಮುಂಚೂಣಿಯಲ್ಲಿ ನಿಂತು ಮೈಕಿನ ಮೇಲೆ ದಾಳಿ ಮಾಡುತ್ತಿದ್ದರು.

ಬ್ರೆಕ್ಕೆ ತಿದ್ದುಪಡಿಯ ಪರ. ಟ್ಯಾರಂಟ್ ವಿರೋಧ. ಮಂಗಳವಾರದ ಲೆಕ್ಕದಲ್ಲಿ ತಿದ್ದುಪಡಿಗಿದ್ದದ್ದು ನಲವತ್ತಾರು ಮತ. ಸೋಲುವುದು ಖಂಡಿತ. ಸೋಲುವ ಕಡೆಯಿಂದ ಒಂದು ಮತ ಕಡಿಮೆಯಾದರೆ ಏನು?

"ಆಗ್ತೀನಿ," ಎಂದು ಬ್ರೆಕ್ಕೆ ಕೈ ಚಾಚಿದ. ಟ್ಯಾರಂಟ್ ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಲೆಕ್ಕ ಬದಲಾದರೆ ಏನು ಮಾಡೋಣವೆಂದು ಬ್ರೆಕ್ಕೆ ಕೇಳಲಿಲ್ಲ. ಕಾಯಿಲೆಯವನನ್ನು ಹಾಗೆಲ್ಲ ಕೇಳುವುದು ಚೆನ್ನಾಗಿರುವುದಿಲ್ಲ.

ಬುಧವಾರ ನೆಲ್ಸ್‌ವಿಕ್‌ನಿಂದ ಮೂವರು ಹೆಂಗಸರು ಬಂದರು. ಎರಡು ಹಗಲು ಎರಡು ರಾತ್ರಿ ಬಸ್ಸಿನಲ್ಲಿ ಕೂತು ಬಂದಿದ್ದರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದರು. ಅವರ ಪೈಕಿ ಮಾತಾಡಿದವಳು ಆರ್ಡಿಸ್ ಲೂಂಡೆ ಎಂಬ ಐವತ್ತರ ಆಸುಪಾಸಿನ ಹೆಂಗಸು. ಊರಲ್ಲಿ ಶಾಲೆಯ ಬಸ್ಸು ಓಡಿಸುವವಳು. ಅವಳ ಮಗ ಕರ್ಬಿ, ನೆಲ್ಸ್‌ವಿಕ್‌ನ ಗಾರ್ಡ್ ದಳದ ನೂರ ಹದಿನೆಂಟು ಜನರಲ್ಲೊಬ್ಬ. ರಸ್ತೆಯಲ್ಲಿ ಹೂತಿಟ್ಟ ಬಾಂಬು ಹುಡುಕಿ ತೆಗೆಯುವುದು ಆ ದಳದ ಕೆಲಸ. ಎರಡು ಸಲ ಹೋಗಿ ಬಂದಿದ್ದರು. ಮನೆಗೆ ಬಂದು ಏಳು ತಿಂಗಳಾಗಿತ್ತು. ಆಗಸ್ಟಿನಲ್ಲಿ ಮತ್ತೆ ಹೊರಡಬೇಕೆಂದು ಕಾಗದ ಬಂದಿತ್ತು.

ಆರ್ಡಿಸ್ ಮೇಜಿನ ಮೇಲೆ ಎರಡು ಕಟ್ಟು ಇಟ್ಟಳು. ಒಂದರಲ್ಲಿ ಲೆಫ್ಸೆ, ಆಲೂಗಡ್ಡೆಯ ತೆಳು ರೊಟ್ಟಿ. ಇನ್ನೊಂದರಲ್ಲಿ ಕಾಗದಗಳು.

"ದಳದವರೆಲ್ಲರ ಹೆಸರಿದೆ. ಯಾರು ಏನ್ ಕೆಲಸ ಮಾಡ್ತಾರೆ ಅಂತಾನೂ ಬರ್ದಿದೀವಿ. ಜಾಸ್ತಿ ಏನಿಲ್ಲ."

"ಜಾಸ್ತಿ ಏನಿಲ್ಲ" ಎನ್ನುವುದು ಅವನ ಊರಿನವರು ಎದೆ ಬಗೆದು ತೋರಿಸುವ ರೀತಿ. ಬ್ರೆಕ್ಕೆಗೆ ಗೊತ್ತಿತ್ತು.

"ನಾನು ತಿದ್ದುಪಡಿ ಪರ ಇದೀನಿ," ಎಂದ. "ಅದ್ರಲ್ಲಿ ನಿಮಗೆ ಅನುಮಾನವೇ ಬೇಡ."

ಅದು ಸುಳ್ಳಲ್ಲ. ಪರವಿದ್ದಾನೆ ಎಂದನೇ ಹೊರತು ಮತ ಹಾಕುತ್ತೇನೆ ಎನ್ನಲಿಲ್ಲ. ಹೇಗೂ ಸೋಲುವ ತಿದ್ದುಪಡಿ. ಬಸ್ಸಿನಲ್ಲಿ ಬಂದು ಕೂತವರಿಗೆ ಜೋಡಿಯ ಕಥೆ ಹೇಳಿ ಯಾಕೆ ನೋಯಿಸಬೇಕು? ಇಪ್ಪತ್ತಮೂರು ವರ್ಷ ಅಲ್ಲಿದ್ದವರಿಗೆ ಇಂಥ ವಾಕ್ಯ ಕಟ್ಟಲು ಯೋಚನೆ ಮಾಡಬೇಕಾಗುವುದಿಲ್ಲ, ಕೈ ಬೀಸಿದಷ್ಟು ಸಲೀಸು.

"ಸರಿ ಹಾಗಾದ್ರೆ," ಎಂದಳು ಆರ್ಡಿಸ್. ಮೂವರೂ ಎದ್ದರು.

ಗುರುವಾರ ಒಂದು ಗಂಟೆಗೆ ಫಿಲಿಪ್ಪಾ ಯಾರೋ ಅವನನ್ನು ಸಭಾಂಗಣದ ಹಿಂದಿನ ಕೋಟುಕೋಣೆಯಲ್ಲಿ ಹಿಡಿದಳು. ಬ್ರೆಕ್ಕೆಯ ಪಕ್ಷದ ಮತಗಳನ್ನು ಎಣಿಸಿ ಒಗ್ಗೂಡಿಸುವುದು ಅವಳ ಕೆಲಸ. ಮನೆತನದ ಹೆಸರು ಯಾರೋ ಎಂದಿದ್ದರೂ ಆ ಸಭೆಯಲ್ಲಿ ಯಾರು ಯಾರೆಂಬುದು ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಕೈಯಲ್ಲಿ ಒಂದು ಸಣ್ಣ ಚೀಟಿ, ಮುಖದಲ್ಲಿ ಒಂದು ದೊಡ್ಡ ನಗು.

"ಐವತ್ತು," ಎಂದಳು.

"ಏನೈವತ್ತು?"

"ತಿದ್ದುಪಡಿಗೆ ಐವತ್ತು ಮತ! ಒಂದು ವಾಕ್ಯ ಸೇರಿಸ್ದೆ ಹಾಲ್ವರ್, ಒಂದೇ ಒಂದು. ತುರ್ತು ಇದ್ರೆ ಅಧ್ಯಕ್ಷರು ಲಿಖಿತವಾಗಿ ಕಾರಣ ಕೊಟ್ಟು ಕಳಿಸ್ಬೋದು ಅಂತ. ಆ ಕಡೆಯಿಂದ ನಾಲ್ಕು ಜನ ಕಂಬಳಿ ಕಿತ್ತೆಸೆದು ಎದ್ದು ಬಂದ್ರು. ಟ್ಯಾರಂಟ್ ಆಸ್ಪತ್ರೇಲಿ. ನೂರರಲ್ಲಿ ಉಳಿದಿದ್ದು ತೊಂಬತ್ತೊಂಬತ್ತು. ನಮಗೆ ಐವತ್ತು, ಅವ್ರಿಗೆ ನಲವತ್ತೊಂಬತ್ತು. ಗೆದ್ವಿ!"

ಬ್ರೆಕ್ಕೆ ಅವಳ ಕೈಯ ಚೀಟಿಯತ್ತ ಕಣ್ಣಿಳಿಸಿದ. ಫಿಲಿಪ್ಪಾಳ ನಗು ಒಂದೊಂದೇ ಹಲ್ಲು ಒಳಗೆಳೆದುಕೊಂಡಿತು.

"ಏನ್ ಮಾಡಿದ್ಯಾ ನೀನು?"

"ಲೂಷಿಯಸ್‌ಗೆ ಜೋಡಿ ಕೊಟ್ಟಿದೀನಿ."

ಅವಳು ಚೀಟಿಯನ್ನು ನಾಲ್ಕಾಗಿ ಮಡಚಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಯಾವತ್ತು ಕೇಳ್ದ?"

"ಮಂಗಳವಾರ."

"ಆ ನಾಲ್ಕು ಜನ ಅಲ್ಲಾಡ್ತಿದಾರೆ ಅಂತ ಪೆಟ್ಟಿಬೋನ್‌ಗೆ ಸೋಮವಾರವೇ ಗೊತ್ತಾಗಿತ್ತು." ಪೆಟ್ಟಿಬೋನ್ ಎಂದರೆ ಟ್ಯಾರಂಟನ ಪಕ್ಷದ ನಾಯಕ. "ಪಿತ್ತಕೋಶದ ಆಪರೇಶನ್ ಮುಂದಿನ ತಿಂಗಳು ಇತ್ತು ಕಣೋ. ಸೋಮವಾರ ಸಂಜೆ ಈ ಗುರುವಾರಕ್ಕೆ ಬಂತು. ನೋವು ತಿಂತಿದ್ದವನು ಮತದ ದಿನ ದಿಢೀರಂತ ಹಾಸಿಗೆ ಹಿಡಿದಿದ್ರೆ ಅವ್ರು ಒಂದು ಮತಕ್ಕೆ ಸೋಲ್ತಿದ್ರು. ಮೊದಲೇ ನಿನ್ನನ್ನ ಕಟ್ಟಿಹಾಕಿದ್ರೆ, ಅವನು ಬರದಿದ್ರೂ ಸರಿಸಮ, ಅವ್ರು ಬದುಕ್ತಾರೆ. ಮತ ಹಾಕೋಕೆ ಬಂದವನು ಮಾತು ಕೊಟ್ಟು ಕೂತ್ಕೊಂಡ್ಯಲ್ಲೋ ಮಾರಾಯ."

"ಲೂಷಿಯಸ್ ಇಲ್ಲಿದ್ದಿದ್ರೂ ಐವತ್ತಕ್ಕೆ ಐವತ್ತು. ಸರಿಸಮ ಬಂದ್ರೆ ತಿದ್ದುಪಡಿ ಬಿದ್ದ ಹಾಗೇ."

"ಲೂಷಿಯಸ್ ಇಲ್ಲಿಲ್ಲ, ಹಾಲ್ವರ್. ಅದೇ ನಾನು ಹೇಳ್ತಿರೋದು."

ಪೆಟ್ಟಿಬೋನ್ ಕಾರಿಡಾರಿನಲ್ಲಿ ಸಿಕ್ಕ. ತೆಳ್ಳಗೆ, ಬೆಳ್ಳಗೆ, ಶವಪೆಟ್ಟಿಗೆಯ ಅಂಗಡಿಯವನಂತೆ ಸದಾ ಸಂತಾಪದ ಮುಖದವನು.

"ಪಿತ್ತಕೋಶಕ್ಕೂ ಪಕ್ಷದ ಆದೇಶ ಹೊರಡಿಸ್ತೀರಾ ನೀವು?" ಎಂದು ಕೇಳಿದ ಬ್ರೆಕ್ಕೆ.

"ಲೂಷಿಯಸ್‌ಗೆ ತುಂಬಾ ನೋವಿತ್ತು," ಎಂದ ಪೆಟ್ಟಿಬೋನ್. "ಬೇಗ ಮಾಡಿಸ್ಕೋ ಅಂದೆ. ಗೆಳೆಯನಾಗಿ."

"ಜೋಡಿಗೆ ನನ್ನನ್ನೇ ಕೇಳು ಅಂತಾನೂ ಗೆಳೆಯನಾಗೇ ಹೇಳಿದ್ರಾ?"

"ನಿಮ್ಮ ಕಡೆ ನಲವತ್ತಾರು ಜನ ಇದ್ರಲ್ಲ ಸೆನೆಟರ್," ಎಂದ ಪೆಟ್ಟಿಬೋನ್, ತೀರ ಮೆತ್ತಗೆ. "ಕೊಟ್ಟ ಮಾತು ಉಳಿಸ್ಕೊಳ್ಳೋರು ಯಾರು ಅಂತ ನಾನೊಬ್ನೇ ಕೂತು ಲೆಕ್ಕ ಹಾಕ್ದೆ. ನೀವೊಬ್ರೇ ಸಿಕ್ಕಿದ್ದು. ಇದನ್ನ ಹೊಗಳಿಕೆ ಅಂತಾನೇ ತಗೊಳ್ಳಿ."

ಬ್ರೆಕ್ಕೆ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಕಿವಿ ಬೆಚ್ಚಗಾದದ್ದು ಅವನಿಗೇ ತಿಳಿಯಿತು.

ಜೋಡಿಯಿಂದ ಬಿಡುಗಡೆ ಕೊಡಬಹುದಾದವನು ಜೋಡಿ ಕೇಳಿದವನೊಬ್ಬನೇ. ಬ್ರೆಕ್ಕೆ ಆಸ್ಪತ್ರೆಗೆ ಫೋನು ಮಾಡಿದ. ಟ್ಯಾರಂಟನ ಹೆಂಡತಿ ಯೂಡೋರಾ ಎತ್ತಿದಳು.

"ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು ಹಾಲ್ವರ್. ಹತ್ತು ನಿಮಿಷ ಆಯ್ತು. ಮಂಪರಿನ ಸೂಜಿ ಚುಚ್ಚೋವಾಗ್ಲೂ ನರ್ಸಿಗೆ ಪಿಕಾನ್ ಕಥೆ ಹೇಳ್ತಿದ್ರು."

"ಎಚ್ಚರ ಆಗೋದು ಯಾವಾಗ?"

"ನಾಲ್ಕಾಗುತ್ತೋ ಐದಾಗುತ್ತೋ. ಯಾಕೆ, ಏನಾದ್ರೂ ಹೇಳ್ಬೇಕಿತ್ತಾ?"

"ಒಂದು ಕೇಳ್ಬೇಕಿತ್ತು, ಯೂಡೋರಾ. ಅವನು ಕಣ್ಣು ಬಿಟ್ಟ ತಕ್ಷಣ ನನ್ನನ್ನ ಜೋಡಿಯಿಂದ ಬಿಡ್ತೀಯಾ ಅಂತ ಕೇಳು. ಅಷ್ಟೇ ಮಾತು. ಅವನಿಗೆ ಅರ್ಥ ಆಗುತ್ತೆ."

ಮತದಾನ ಎರಡೂಕಾಲಿಗೆ ಶುರುವಾಗಬೇಕಿತ್ತು, ಮಾತಾಡುವವರ ಮಾತು ಮುಗಿದರೆ. ಸೆನೆಟ್ಟಿನಲ್ಲಿ ಎದ್ದು ನಿಂತವನನ್ನು ಕೂರಿಸುವವರು ಯಾರೂ ಇಲ್ಲ. ಕಾಲು ಸೋಲುವ ತನಕ ಮಾತಾಡಬಹುದು. ಕೂತರೆ ಮುಗಿಯಿತು, ಬಾಗಿಲು ದಾಟಿದರೆ ಮುಗಿಯಿತು. ಕುಡಿಯಲು ನೀರು, ಇಲ್ಲದಿದ್ದರೆ ಹಾಲು. ಬೇರೇನೂ ಒಳಗೆ ಬರುವಂತಿಲ್ಲ.

ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಬ್ರೆಕ್ಕೆ ಎದ್ದು ನಿಂತು, "ಸಭಾಪತಿಗಳೇ," ಎಂದ.

ಅವನ ಆಪ್ತ ಸಹಾಯಕಿ ಬರ್ನಿಸ್, ಹತ್ತೊಂಬತ್ತು ವರ್ಷದಿಂದ ಅವನ ಭಾಷಣಗಳನ್ನು ಟೈಪು ಮಾಡಿದವಳು, ಗೋಡೆಯ ಬದಿಯ ಬೆಂಚಿನಲ್ಲಿ ಕೂತು ಗಡಿಯಾರ ನೋಡಿದಳು. ಊರಿನವರ ಪ್ರಕಾರ ಅವನ ಅತ್ಯಂತ ಉದ್ದದ ಭಾಷಣ ಹದಿನಾಲ್ಕು ನಿಮಿಷದ್ದು.

ಮೊದಲ ಅರ್ಧ ಗಂಟೆ ಬಿಲ್ಲಿನ ಮೇಲೆ ಹೋಯಿತು. ಮುಂದಿನ ಅರ್ಧ ಗಂಟೆ ಡಕೋಟಾದ ಗಾಳಿಯ ಮೇಲೆ. ಅಲ್ಲಿ ಗಾಳಿ ನಿಂತ ದಿನ ಕೋಳಿಗಳು ಒರಗಲು ಏನೂ ಸಿಗದೆ ಮಗುಚಿ ಬೀಳುತ್ತವೆ ಎಂದಾಗ ಎರಡೂ ಪಕ್ಷದವರು ನಕ್ಕರು. ಒಬ್ಬ ಮಾಜಿ ಅಧ್ಯಕ್ಷನ ದನಿಯಲ್ಲಿ ಅವನೊಂದು ಭಾಷಣ ಒಪ್ಪಿಸಿದ. ಗ್ಯಾಲರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿ ಕಾವಲಿನವನಿಂದ ಬೈಸಿಕೊಂಡರು. ಮೂರೂವರೆಗೆ ಗಂಟಲು ಒಣಗಿತು. ಹಾಲ್ವರ್ ಹಾಲು ತರಿಸಿದ. ಅರ್ಧ ಲೋಟ ಕುಡಿದು, ಮೀಸೆ ಒರೆಸಿಕೊಂಡು, ಮುಂದೇನು ಹೇಳುವುದೆಂದು ಮೇಜು ತಡವಿದಾಗ ಕೈಗೆ ಸಿಕ್ಕಿದ್ದು ಆರ್ಡಿಸ್ ಕೊಟ್ಟ ಕಟ್ಟು.

ಹೊತ್ತು ಕಳೆಯಬೇಕಿತ್ತು. ಬಿಚ್ಚಿ ಓದಲು ಶುರುಮಾಡಿದ.

"ಡೇಲ್ ಓಸ್ತ್ರಾಂಡ್. ಬೀಟ್‌ಗಡ್ಡೆ ಲಾರಿ ಡ್ರೈವರ್. ಮಾರ್ಲಿಸ್ ಟೂಫ್ಟೆ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ. ಜೆರಾಲ್ಡ್ ಟೂಫ್ಟೆ, ಅವಳ ಗಂಡ. ಧಾನ್ಯದ ಗೋದಾಮಿನಲ್ಲಿ ತೂಕ ಹಾಕುತ್ತಾನೆ."

ಸಭೆಯಲ್ಲಿ ನಗುತ್ತಿದ್ದವರು ನಗು ನಿಲ್ಲಿಸಿದರು. ನೂರ ಹದಿನೆಂಟು ಹೆಸರಲ್ಲಿ ಹತ್ತೊಂಬತ್ತು ಜನ ಊರಿನ ಅಗ್ನಿಶಾಮಕ ಪಡೆಯವರು. ಅಲ್ಲಿ ಅದಕ್ಕೆ ಸಂಬಳವಿಲ್ಲ, ಊರವರೇ ನೀರು ಹಿಡಿಯುತ್ತಾರೆ. ಇವರು ಹೊರಟರೆ ಆಗಸ್ಟಿನಿಂದ ನೆಲ್ಸ್‌ವಿಕ್‌ನಲ್ಲಿ ಬೆಂಕಿ ಬಿದ್ದರೆ ಆರಿಸುವವರು ಇಬ್ಬರು. ಅವರಲ್ಲೊಬ್ಬನಿಗೆ ಎಪ್ಪತ್ತು. ಇದನ್ನು ಕಾಗದದಲ್ಲಿ ಯಾರೋ ಪೆನ್ಸಿಲಿನಲ್ಲಿ ಬದಿಗೆ ಬರೆದಿದ್ದರು. ಬ್ರೆಕ್ಕೆ ಅದನ್ನೂ ಓದಿದ. ಓದುತ್ತ ಓದುತ್ತ ಯಾರ ದನಿಯನ್ನೂ ಬಳಸದೆ ಓದತೊಡಗಿದ್ದ. ಎಡ ಮಂಡಿ ನೋಯುತ್ತಿತ್ತು, ತೂಕವನ್ನೆಲ್ಲ ಬಲಗಾಲಿಗೆ ಹಾಕಿದ್ದ.

"ಕರ್ಬಿ ಲೂಂಡೆ. ವಿದ್ಯುತ್ ಕಂಬ ಹತ್ತುವ ಕೆಲಸ. ವಯಸ್ಸು ಇಪ್ಪತ್ತಾರು."

ತಲೆಯೆತ್ತಿದಾಗ ಗ್ಯಾಲರಿಯ ಎರಡನೆಯ ಸಾಲಿನಲ್ಲಿ ಮೂವರು ಕಾಣಿಸಿದರು. ನಡುವೆ ಆರ್ಡಿಸ್. ಪಕ್ಕದವಳು ಅವಳ ಮುಂಗೈ ಹಿಡಿದಿದ್ದಳು. ಬ್ರೆಕ್ಕೆ ಸರಕ್ಕನೆ ಕಾಗದದೊಳಕ್ಕೆ ಕಣ್ಣಿಳಿಸಿ ಮುಂದಿನ ಹೆಸರು ಓದಿದ.

ಐದೂ ಇಪ್ಪತ್ತಕ್ಕೆ ಬರ್ನಿಸ್ ಒಂದು ಮಡಚಿದ ಚೀಟಿ ತಂದು ಮೇಜಿನ ಮೇಲಿಟ್ಟಳು. ಅವನು ಮಾತು ನಿಲ್ಲಿಸದೆ ಅದನ್ನು ಬಿಚ್ಚಿದ. ಬರ್ನಿಸಳ ಉರುಟು ಅಕ್ಷರ: "ಎಚ್ಚರವಾಯಿತು. ಯೂಡೋರಾ ಕೇಳಿದರು. 'ಅವನು ಇನ್ನೂ ಮಾತಾಡುತ್ತಿದ್ದಾನಾ?' ಎಂದು ನಕ್ಕರಂತೆ. ಹೊಲಿಗೆ ನೋಯಿತಂತೆ. ಆಮೇಲೆ 'ಬಿಡುವುದಿಲ್ಲ' ಎಂದರಂತೆ."

ಅದರ ಕೆಳಗೆ ಇನ್ನೊಂದು ಸಾಲು: "ಯೂಡೋರಾ ಎರಡು ಸಲ ಕೇಳಿದರಂತೆ."

ಬ್ರೆಕ್ಕೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಟ್ಯಾರಂಟ್ ಇಷ್ಟು ವರ್ಷ ಯುದ್ಧದ ಪರವಾಗಿ ಹಾಕಿದ ಒಂದೊಂದು ಮತವನ್ನೂ ನಂಬಿ ಹಾಕಿದವನು. ಅರವಳಿಕೆಯ ಅಮಲಿನಲ್ಲೂ ಅದನ್ನೇ ನಂಬಿದ್ದ. ಆ ಜಾಗದಲ್ಲಿ ತಾನಿದ್ದಿದ್ದರೆ ಬಿಡುತ್ತಿದ್ದೆನೆ ಎಂದು ಬ್ರೆಕ್ಕೆ ಕೇಳಿಕೊಂಡ. ಉತ್ತರ ಬರುವ ಮೊದಲೇ ಪಟ್ಟಿಯ ಕೊನೆಯ ಹೆಸರು ಬಂತು. ಓದಿದ. ಕಾಗದ ಮಡಚಿದ.

"ನನ್ನ ಮಾತು ಮುಗಿಯಿತು," ಎಂದು ಕೂತ. ಎದ್ದು ನಿಂತು ಮೂರು ಗಂಟೆ ಹದಿನೈದು ನಿಮಿಷವಾಗಿತ್ತು.

ಗುಮಾಸ್ತ ಅಕ್ಷರದ ಪ್ರಕಾರ ಹೆಸರು ಕೂಗತೊಡಗಿದ. ಬ್ರೆಕ್ಕೆ ಎಂಬ ಹೆಸರು ಬೇಗ ಬಂತು. ಅವನು ಉತ್ತರಿಸಲಿಲ್ಲ. ಗುಮಾಸ್ತ ಒಂದು ಕ್ಷಣ ಕಾದು ಮುಂದಕ್ಕೆ ಹೋದ. ಫಿಲಿಪ್ಪಾ ಬಂದು ಅವನ ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಏನಂದ?"

"ಬಿಡಲ್ಲ ಅಂದ."

"ಸರಿ. ಈಗ ನೀನೇನಂತೀಯ?"

"ಇಪ್ಪತ್ಮೂರು ವರ್ಷದಲ್ಲಿ ನಾನು ಒಂದು ಮಾತು ಮುರಿದಿಲ್ಲ, ಫಿಲಿಪ್ಪಾ."

"ನೀನು ಮುರಿಯೋ ಅಂಥ ಮಾತು ಇದುವರೆಗೂ ಯಾರೂ ಕೇಳಿರ್ಲಿಲ್ಲ, ಅದಕ್ಕೆ." ಅವಳ ದನಿ ಏರಲಿಲ್ಲ. "ಅವನು ನಿನ್ನ ಹತ್ರ ಬಂದಿದ್ದು ಗೆಳೆತನಕ್ಕಲ್ಲ. ಲೆಕ್ಕ ಹಾಕಿ ಕಳಿಸಿದ್ರು ಅವನನ್ನ. ಮೋಸಕ್ಕೆ ಕೊಟ್ಟ ಮಾತು ಮಾತೇನೋ?"

"ಅವನು ಸುಳ್ಳು ಹೇಳಿಲ್ಲ. ಪಿತ್ತಕೋಶ ನಿಜವಾಗ್ಲೂ ಇತ್ತು."

"ಮೇಲೆ ನೋಡು."

ಬ್ರೆಕ್ಕೆ ಗ್ಯಾಲರಿಯ ಕಡೆ ನೋಡಲಿಲ್ಲ.

"ಹೇಗೂ ಅಧ್ಯಕ್ಷ ಇದನ್ನ ತಿರಸ್ಕರಿಸ್ತಾನೆ," ಎಂದ. "ಗೆದ್ರೂ ಕಾನೂನಾಗಲ್ಲ."

"ಆಗ್ದೇ ಇರೋದು ಅವನ ಕೈಯಿಂದ ಆಗ್ಲಿ. ನಿನ್ನ ಕೈಯಿಂದ ಯಾಕೆ?"

ಅವಳು ಎದ್ದು ಹೋದಳು. ಹೆಸರುಗಳು ಮುಗಿದವು. ನಲವತ್ತೊಂಬತ್ತು, ನಲವತ್ತೊಂಬತ್ತು. ಗುಮಾಸ್ತನ ಮುಂದೆ ಬಾಕಿ ಉಳಿದದ್ದು ಒಂದೇ ಹೆಸರು. ಸಭೆಯಲ್ಲಿ ಎದ್ದು ಓಡಾಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು. ಪೆಟ್ಟಿಬೋನ್ ಮಾತ್ರ ತನ್ನ ಜಾಗದಲ್ಲಿ ಕೂತು ಪೆನ್ನಿನ ಟೋಪಿ ಹಾಕುತ್ತಿದ್ದ. ಆ ಟೋಪಿ ಹಾಕುವ ರೀತಿ ನೋಡಿ ಬ್ರೆಕ್ಕೆಗೆ ಒಂದು ನಿಮಿಷ, ಎದ್ದು 'ಪರ' ಎಂದು ಕೂಗಿ ಆ ಮುಖದ ಸಂತಾಪವನ್ನು ನಿಜವಾಗಿಸಿಬಿಡಬೇಕು ಅನ್ನಿಸಿತು. ಎರಡಕ್ಷರ, ನಾಲಿಗೆಯ ತುದಿಯಲ್ಲೇ ಇತ್ತು. ಹಾಗೆ ಕೂಗಿದವನ ದನಿ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಲು ನೋಡಿದ. ಯಾರ ಯಾರ ದನಿಯನ್ನೋ ತೆಗೆಯಬಲ್ಲವನಿಗೆ ಆ ದನಿ ಮಾತ್ರ ಸಿಗಲಿಲ್ಲ.

ಮೇಜು ಹಿಡಿದು ಎದ್ದ.

"ಸಭಾಪತಿಗಳೇ, ಈ ಮತದಲ್ಲಿ ಜಾರ್ಜಿಯಾದ ಹಿರಿಯ ಸದಸ್ಯರೊಂದಿಗೆ ನಾನು ಜೋಡಿ ಮಾಡಿಕೊಂಡಿದ್ದೇನೆ. ಅವರು ಇಲ್ಲಿದ್ದಿದ್ದರೆ ವಿರೋಧವಾಗಿ ಮತ ಹಾಕುತ್ತಿದ್ದರು. ನನಗೆ ಸ್ವಾತಂತ್ರ್ಯವಿದ್ದಿದ್ದರೆ ಪರವಾಗಿ ಹಾಕುತ್ತಿದ್ದೆ. ಆದ್ದರಿಂದ ನನ್ನ ಮತವನ್ನು ತಡೆಹಿಡಿಯುತ್ತೇನೆ."

ತಿದ್ದುಪಡಿ ಬಿತ್ತು. ಅದಾದ ಇಪ್ಪತ್ತು ನಿಮಿಷಕ್ಕೆ ಯುದ್ಧದ ಹಣದ ಬಿಲ್ಲು ಪಾಸಾಯಿತು. ಎದುರು ಪಕ್ಷದ ಇಬ್ಬರು ಹಿರಿಯರು ಬಂದು ಬ್ರೆಕ್ಕೆಯ ಕೈ ಕುಲುಕಿದರು. ಒಬ್ಬನ ಕಣ್ಣು ಒದ್ದೆಯಾಗಿತ್ತು. "ಹಳೇ ಕಾಲದ ಸೆನೆಟ್ಟನ್ನ ನೋಡ್ದ ಹಾಗಾಯ್ತು," ಎಂದ. ಬ್ರೆಕ್ಕೆಯ ಪಕ್ಷದವರು ಯಾರೂ ಬರಲಿಲ್ಲ.

ಹೆಂಗಸರು ಕೆಳಗಿನ ಕಾರಿಡಾರಿನಲ್ಲಿ ಕಾಯುತ್ತಿದ್ದರು. ಹಿಂಬಾಗಿಲಿನಿಂದ ಹೋಗಬಹುದು ಎಂದು ಬರ್ನಿಸ್ ಪಿಸುಗುಟ್ಟಿದಳು. ಬ್ರೆಕ್ಕೆ ತಲೆಯಲ್ಲಾಡಿಸಿ ಮುಂದಕ್ಕೆ ಹೋದ, ಕುಂಟುತ್ತ.

"ಕರ್ಬಿ ಹೆಸ್ರು ಓದಿದ್ರಿ," ಎಂದಳು ಆರ್ಡಿಸ್. "ಎಲ್ರ ಹೆಸ್ರೂ ಓದಿದ್ರಿ. ಒಂದೂ ತಪ್ಪಾಗ್ಲಿಲ್ಲ."

"ನೀವು ಚೆನ್ನಾಗಿ ಬರ್ದಿದ್ರಿ."

"ಆಮೇಲೆ ಏನೋ ಹೇಳಿದ್ರಲ್ಲ, ಸ್ವಾತಂತ್ರ್ಯ ಇದ್ದಿದ್ರೆ ಅಂತ. ಅದು ನಮಗೆ ಅರ್ಥ ಆಗ್ಲಿಲ್ಲ. ಬಿದ್ದೋಯ್ತು ಅಂತ ಪಕ್ಕದವ್ರು ಹೇಳಿದ್ರು."

ಬ್ರೆಕ್ಕೆ ಹೇಳಿದ. ಜೋಡಿ ಎಂದರೇನು, ಯಾರು ಯಾರಿಗೆ ಕೊಡುತ್ತಾರೆ, ಎಲ್ಲ. ಅಪರಿಚಿತ ಊರಲ್ಲಿ ದಾರಿ ಕೇಳಿದವರಂತೆ ಅವಳು ಒಂದೊಂದು ತಿರುವಿಗೂ ತಲೆದೂಗುತ್ತ ಕೇಳಿದಳು.

"ಅಂದ್ರೆ ನಿಮ್ಮ ಒಂದು ಮತ ಬಿದ್ದಿದ್ರೆ ಗೆಲ್ತಿತ್ತು."

"ಹೌದು."

"ಅವ್ರಿಗೆ ಮಾತು ಕೊಟ್ಟಿದ್ದು ಯಾವತ್ತು?"

"ಮಂಗಳವಾರ."

"ನಾವು ನಿಮ್ಮನ್ನ ನೋಡಿದ್ದು ಬುಧವಾರ," ಎಂದಳು ಆರ್ಡಿಸ್.

ಪಕ್ಕದ ಹೆಂಗಸು ಗೋಡೆಯ ಮೇಲಿದ್ದ ಯಾರದೋ ದೊಡ್ಡ ಚಿತ್ರವನ್ನು ನೋಡುತ್ತ ನಿಂತಳು.

"ಹಾಗಾದ್ರೆ ಮಧ್ಯಾಹ್ನದಿಂದ ಅಷ್ಟು ಹೊತ್ತು ಮಾತಾಡಿದ್ದು ಯಾಕೆ?"

ಅವನು ಸುಳ್ಳು ಹೇಳಬಹುದಿತ್ತು. ನಿಮಗೋಸ್ಕರ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು.

"ಅವನು ಎಚ್ಚರ ಆಗ್ಲಿ ಅಂತ. ಎದ್ದು ನನ್ನನ್ನ ಬಿಟ್ಟುಬಿಡ್ತಾನೇನೋ ಅಂತ."

"ಓ," ಎಂದಳು ಆರ್ಡಿಸ್. "ನಾವು ಬೇರೆ ತಿಳ್ಕೊಂಡಿದ್ವಿ."

ಒಂದು ಶಾಲೆಯ ಮಕ್ಕಳ ಸಾಲು ಗಲಾಟೆ ಮಾಡುತ್ತ ಅವರನ್ನು ಬಳಸಿಕೊಂಡು ಹೋಯಿತು. ಬಸ್ಸು ಓಡಿಸುವವಳ ಅಭ್ಯಾಸದಲ್ಲಿ ಆರ್ಡಿಸಳ ಕಣ್ಣು ಸಾಲಿನ ಕೊನೆಯ ತನಕ ಹೋಗಿ ಬಂತು.

"ಈಗ ಹೇಗಿದಾರೆ ನಿಮ್ಮ ಸ್ನೇಹಿತ್ರು?"

"ಚೆನ್ನಾಗಿದಾನೆ. ಶನಿವಾರ ಮನೆಗೆ ಕಳಿಸ್ತಾರಂತೆ."

"ಮನೆಗೆ," ಎಂದಳು ಅವಳು. ಕೈಚೀಲದ ಬಾರನ್ನು ಭುಜಕ್ಕೆ ಏರಿಸಿಕೊಂಡಳು. "ಒಳ್ಳೇದಾಯ್ತು. ಬಸ್ಸಿಗೆ ಯಾವ ಬಾಗ್ಲು?"

"ಬನ್ನಿ, ನಾನೇ ತೋರಿಸ್ತೀನಿ," ಎಂದು ಬ್ರೆಕ್ಕೆ ಹೆಜ್ಜೆ ಎತ್ತಿದ.

"ಬೇಡ ಸೆನೆಟರ್," ಎಂದಳು ಆರ್ಡಿಸ್, ಕುರ್ಚಿಯೊಂದನ್ನು ಕಣ್ಣಲ್ಲೇ ತೋರಿಸುತ್ತ. "ನೀವು ಕೂತ್ಕೊಳ್ಳಿ. ತುಂಬಾ ಹೊತ್ತು ನಿಂತಿದೀರಿ."